ಕಳೆದುಹೋದ ಸ್ವರಲಿಪಿ, ಉಳಿದುಬಂದ ನಾದ

ಯಕ್ಷಗಾನ ನೋಡಿ ಬೆಳೆದವರಿಗೆ ತಿಳಿದ ಸಂಗತಿ: ಚೆಂಡೆಯ ಅಬ್ಬರದಲ್ಲಿ ಭಾಗವತರ ಪದ ಮುಳುಗಬಾರದು. ಮೆಲುದನಿಯನ್ನೂ ಗಟ್ಟಿದನಿಯನ್ನೂ ಒಂದೇ ವೇದಿಕೆಯಲ್ಲಿ ಹೊಂದಿಸುವ ಈ ಸಮಸ್ಯೆಯನ್ನು ಪಾಶ್ಚಾತ್ಯ ಸಂಗೀತವೂ ಎದುರಿಸಿದೆ. ಅದರ ಒಂದು ಪ್ರಸಂಗವನ್ನು ಇಲ್ಲಿ ನೋಡೋಣ.

1969ರ ಸೆಪ್ಟೆಂಬರ್ 24ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ 'ಡೀಪ್ ಪರ್ಪಲ್' ಎಂಬ ರಾಕ್ ತಂಡವೂ ರಾಯಲ್ ಫಿಲ್‌ಹಾರ್ಮೋನಿಕ್ ವಾದ್ಯವೃಂದವೂ ಜೊತೆಯಾಗಿ ನುಡಿಸಿದವು. 'ಕನ್ಸರ್ಟೋ ಫಾರ್ ಗ್ರೂಪ್ ಅಂಡ್ ಆರ್ಕೆಸ್ಟ್ರಾ' ಎಂಬ ಈ ಕೃತಿಯನ್ನು ರಚಿಸಿದವರು ತಂಡದ ಆರ್ಗನ್ ವಾದಕ ಜಾನ್ ಲಾರ್ಡ್. ವಾದ್ಯವೃಂದವನ್ನು ನಡೆಸಿದವರು ಮಾಲ್ಕಂ ಆರ್ನಾಲ್ಡ್. ಬಿ.ಬಿ.ಸಿ. ಟೆಲಿವಿಷನ್ ಇದನ್ನು ಚಿತ್ರೀಕರಿಸಿತು.

ಪಿಟೀಲಿಗೆ ತನ್ನ ಮರದ ಒಡಲೇ ಬಲ. ವಿದ್ಯುತ್ ಗಿಟಾರಿಗೆ ಧ್ವನಿವರ್ಧಕದ ಬೆಂಬಲ. ಪಿಟೀಲುಗಳ ಮುಂದಿನ ಮೈಕಿನ ದನಿ ಏರಿಸಿದರೆ ಪಕ್ಕದ ಡ್ರಮ್ಮಿನ ಸದ್ದೂ ಅದರೊಳಗೆ ನುಗ್ಗಿ ಏರುತ್ತದೆ. ಹೀಗಾಗಿ ಹೊಂದಾಣಿಕೆಯ ಬಹುಪಾಲು ಕೆಲಸ ರಚನೆಯಲ್ಲಿಯೇ ಆಗಬೇಕು. ಲಾರ್ಡ್ ಮೂರು ಭಾಗಗಳ ಈ ಕೃತಿಯ ಮೊದಲ ಭಾಗದಲ್ಲಿ ಎರಡು ಪಕ್ಷಗಳನ್ನು ಎದುರಾಳಿಗಳಂತೆ ನಿಲ್ಲಿಸಿದರು. ಒಬ್ಬರು ನುಡಿಸುವಾಗ ಇನ್ನೊಬ್ಬರು ಸುಮ್ಮನಿರುತ್ತಾರೆ. ಎರಡೂ ಸೇರಿ ಮೊರೆಯುವುದು ಮುಖ್ಯವಾಗಿ ಕೊನೆಯ ಭಾಗದಲ್ಲಿ.

1970ರಲ್ಲಿ ಒಂದು ಅನಾಹುತವಾಯಿತು. ಕೃತಿಯ ಸ್ವರಲಿಪಿ ಕಳೆದುಹೋಯಿತು. ಪ್ರತಿಯೊಂದು ವಾದ್ಯಕ್ಕೂ ಬರೆದ ಲಿಪಿಯಿಲ್ಲದೆ ಇಂಥ ವಾದ್ಯವೃಂದ ನುಡಿಸಲಾರದು. ಸುಮಾರು ಮೂರು ದಶಕ ಕೃತಿ ಮೂಕವಾಯಿತು. ಕಡೆಗೆ ಮಾರ್ಕೋ ಡಿ ಗೋಯ್ ಎಂಬ ಡಚ್ ಸಂಗೀತಗಾರರು ಹಳೆಯ ಧ್ವನಿಮುದ್ರಣವನ್ನು ಮತ್ತೆ ಮತ್ತೆ ಕೇಳಿ, ಚಿತ್ರವನ್ನು ಮತ್ತೆ ಮತ್ತೆ ನೋಡಿ, ಲಿಪಿಯನ್ನು ಪುನಃ ಬರೆದರು. ಲಾರ್ಡ್ ಅದನ್ನು ತಿದ್ದಿ ಪೂರ್ಣಗೊಳಿಸಿದರು. 1999ರ ಸೆಪ್ಟೆಂಬರಿನಲ್ಲಿ ಅದೇ ಸಭಾಂಗಣದಲ್ಲಿ, ಪಾಲ್ ಮಾನ್ ಅವರ ನಿರ್ದೇಶನದಲ್ಲಿ, ಲಂಡನ್ ಸಿಂಫನಿ ವಾದ್ಯವೃಂದದೊಡನೆ ಕೃತಿ ಮರುಹುಟ್ಟು ಪಡೆಯಿತು.

ಮುಂದೆ ಸ್ಟುಡಿಯೋದಲ್ಲಿಯೂ ಇದು ಮುದ್ರಣಗೊಂಡಿತು, ಲಿವರ್‌ಪೂಲಿನ ರಾಯಲ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದೊಡನೆ. ಸ್ಟುಡಿಯೋದಲ್ಲಿ ವಾದ್ಯವೃಂದವನ್ನೂ ರಾಕ್ ವಾದ್ಯಗಳನ್ನೂ ಬೇರೆ ಬೇರೆಯಾಗಿ ಮುದ್ರಿಸಿ, ಆಮೇಲೆ ಹದವಾಗಿ ಬೆರೆಸಬಹುದು. ಇಂದು ಟಿ.ವಿ. ಧಾರಾವಾಹಿಗಳ ಹಿನ್ನೆಲೆ ಸಂಗೀತಕ್ಕೂ ಇದು ಬಳಕೆಯ ಕ್ರಮ. ಬಾಸ್ ಗಿಟಾರು ಮತ್ತು ದೊಡ್ಡ ಪಿಟೀಲುಗಳ ತಗ್ಗುಸ್ವರಗಳು ಒಂದೇ ಜಾಗಕ್ಕೆ ಹೋರಾಡುವಾಗ ಒಂದನ್ನು ತಗ್ಗಿಸಬೇಕು. ಪಾತ್ರಗಳ ಮಾತು ಬಂದಾಗ ಎರಡನ್ನೂ.

2012ರ ಜುಲೈ 16ರಂದು ಲಾರ್ಡ್ ನಿಧನರಾದರು. ಈ ಮುದ್ರಣದ ಅಂತಿಮ ರೂಪವನ್ನು ಅವರು ಕೇಳಿದ್ದರು.

ನಮ್ಮ ಸಂಘ-ಸಂಸ್ಥೆಗಳ ಕಪಾಟುಗಳಲ್ಲಿಯೂ ಹಳೆಯ ನಾಟಕ, ತಾಳಮದ್ದಳೆ, ಗಾಯನಗಳ ಧ್ವನಿಸುರುಳಿಗಳು ಇದ್ದಾವು. ಬೂಷ್ಟು ಹಿಡಿಯುವ ಮೊದಲು ಅವುಗಳ ಪ್ರತಿ ತೆಗೆಸಿಡೋಣ. ಬರೆದಿಟ್ಟದ್ದು ಕಳೆದುಹೋದಾಗ ಕೈಹಿಡಿಯುವುದು ಅವೇ.