ಹಾಲಿನಲ್ಲಿ ಅಡಗಿದ್ದ ಜ್ವರ: ಕಂದು ರೋಗದ ಸಂಶೋಧನೆಯ ಚರಿತ್ರೆ

ಮಂಡ್ಯ ಜಿಲ್ಲೆಯಲ್ಲಿ ಹಾಲು ಮತ್ತು ಕುರಿ ಅನೇಕ ಮನೆಗಳ ಜೀವನಾಧಾರ. ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯ ಡೇರಿಗೆ ಹಳ್ಳಿ ಹಳ್ಳಿಗಳಿಂದ ಹಾಲು ಬರುತ್ತದೆ. ಮಳವಳ್ಳಿ ತಾಲ್ಲೂಕಿನ ಬಂಡೂರು ತನ್ನ ಕುರಿ ತಳಿಯಿಂದ ನಾಡಿನಲ್ಲೆಲ್ಲ ಹೆಸರಾಗಿದೆ. ಬಕ್ರೀದ್ ಸಮೀಪಿಸಿದಾಗ ಆ ಕುರಿಯ ಬೆಲೆ ಏರುವುದನ್ನು ನಾವೆಲ್ಲ ಬಲ್ಲೆವು.

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಹುಡುಗನೊಬ್ಬ ಬಹಳ ದಿನ ಶಾಲೆಗೆ ಬರಲಿಲ್ಲ. ಸಂಜೆಗೆ ಜ್ವರ, ರಾತ್ರಿ ಬೆವರು, ಕೀಲುನೋವು. ಟೈಫಾಯಿಡ್ ಎಂದು ಔಷಧಿ ಕೊಟ್ಟರೂ ಜ್ವರ ಮರಳಿ ಬರುತ್ತಿತ್ತು. ಕೊನೆಗೆ ರಕ್ತಪರೀಕ್ಷೆಯಲ್ಲಿ ತಿಳಿದದ್ದು ಬ್ರುಸೆಲ್ಲೋಸಿಸ್. ಆ ವರ್ಷ ಅವರ ಮನೆಯ ಮೇಕೆಗಳು ಕಂದು ಹಾಕಿದ್ದವು. ರೈತರು ಕಂದು ರೋಗ ಎನ್ನುವುದೂ, ವೈದ್ಯರು ಬ್ರುಸೆಲ್ಲೋಸಿಸ್ ಎನ್ನುವುದೂ ಒಂದೇ ಎಂಬುದು ಆ ಮನೆಯವರಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ಇದು ಜಗತ್ತಿಗೆ ತಿಳಿದದ್ದೂ ನಿಧಾನವಾಗಿಯೇ. ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದಲ್ಲಿ ಬ್ರಿಟಿಷ್ ಸೈನಿಕರು ಇಂಥದೇ ಜ್ವರದಿಂದ ನರಳುತ್ತಿದ್ದರು. 1887ರಲ್ಲಿ ಸೇನಾವೈದ್ಯ ಡೇವಿಡ್ ಬ್ರೂಸ್ ಮೃತ ಸೈನಿಕರ ಗುಲ್ಮದಲ್ಲಿ ಇದರ ಬ್ಯಾಕ್ಟೀರಿಯಾವನ್ನು ಕಂಡುಹಿಡಿದರು. ಆದರೆ ಅದು ದೇಹಕ್ಕೆ ಹೇಗೆ ಸೇರುತ್ತದೆ ಎಂಬುದು ಮುಂದೆ 18 ವರ್ಷ ಒಗಟಾಗಿಯೇ ಉಳಿಯಿತು. 1905ರಲ್ಲಿ ಮಾಲ್ಟಾದವರೇ ಆದ ಡಾ. ಥೆಮಿಸ್ಟೋಕ್ಲಿಸ್ ಜಾಮಿಟ್ ಮೇಕೆಗಳ ರಕ್ತವನ್ನು ಪರೀಕ್ಷಿಸಿದರು. ನೋಡಲು ಆರೋಗ್ಯವಾಗಿದ್ದ ಮೇಕೆಗಳಲ್ಲಿಯೇ ಸೋಂಕು ಇತ್ತು. ಆ ಊರಿನಲ್ಲಿ ಮೇಕೆಯನ್ನು ಮನೆಬಾಗಿಲಿಗೆ ತಂದು ಹಾಲು ಕರೆದುಕೊಡುತ್ತಿದ್ದರು. 1906ರಲ್ಲಿ ಸೈನಿಕರಿಗೆ ಮೇಕೆಯ ಹಾಲು ನಿಂತಿತು, ಅವರಲ್ಲಿ ಜ್ವರವೂ ಬೇಗನೆ ಇಳಿಯಿತು.

ಈ ನಡುವೆ 1897ರಲ್ಲಿ ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬಾಂಗ್ ಹಸುಗಳು ಕಂದು ಹಾಕಲು ಕಾರಣವಾದ ಬ್ಯಾಕ್ಟೀರಿಯಾವನ್ನು ಗುರುತಿಸಿದ್ದರು. ಇವೆರಡೂ ಹತ್ತಿರದ ಸಂಬಂಧಿಗಳು ಎಂದು 1918ರಲ್ಲಿ ಪ್ರಕಟಿಸಿದವರು ಅಮೆರಿಕದ ಆಲಿಸ್ ಇವಾನ್ಸ್. ಅವರು ಮೊದಲು ಶಾಲಾ ಶಿಕ್ಷಕಿಯಾಗಿದ್ದವರು. ಹಸಿ ಹಾಲು ಅಪಾಯಕಾರಿ ಎಂಬ ಅವರ ಮಾತನ್ನು ದೊಡ್ಡ ವಿಜ್ಞಾನಿಗಳೂ ಹಾಲಿನ ವ್ಯಾಪಾರಿಗಳೂ ಒಪ್ಪಲಿಲ್ಲ. ಡಾಕ್ಟರೇಟ್ ಇಲ್ಲದ ಹೆಂಗಸಿನ ಮಾತು ಎಂಬ ತಾತ್ಸಾರವೂ ಇತ್ತು. 1922ರಲ್ಲಿ ಅವರಿಗೇ ಈ ಸೋಂಕು ತಗುಲಿ ಅನೇಕ ವರ್ಷ ನರಳಿದರು. ಕೊನೆಗೆ ಅವರ ಮಾತೇ ನಿಜವಾಯಿತು. 1928ರಲ್ಲಿ ಅಮೆರಿಕದ ಬ್ಯಾಕ್ಟೀರಿಯಾ ವಿಜ್ಞಾನಿಗಳ ಸಂಘಕ್ಕೆ ಅವರು ಪ್ರಥಮ ಮಹಿಳಾ ಅಧ್ಯಕ್ಷರಾದರು.

ನಮ್ಮ ರಾಜ್ಯದಲ್ಲಿಯೂ ಈ ಸಂಶೋಧನೆ ಮುಂದುವರಿದಿದೆ. ಬೆಂಗಳೂರಿನ ಯಲಹಂಕದಲ್ಲಿ ಜಾನುವಾರು ರೋಗಗಳ ಅಧ್ಯಯನಕ್ಕೆಂದೇ ರಾಷ್ಟ್ರೀಯ ಸಂಸ್ಥೆಯೊಂದಿದೆ. 2013ರಿಂದ ಅದರ ಹೆಸರು ನಿವೇದಿ. ಅಲ್ಲಿ ಡಾ. ರಾಜೇಶ್ವರಿ ಶೋಮ್ ಮತ್ತು ಸಂಗಡಿಗರು ಕಂದು ರೋಗದ ಮೇಲೆ ದೀರ್ಘಕಾಲ ಕೆಲಸ ಮಾಡಿದ್ದಾರೆ. ರಕ್ತದಲ್ಲಿ ಸೋಂಕನ್ನು ಪತ್ತೆಹಚ್ಚುವ ಎಲೈಸಾ ಪರೀಕ್ಷಾ ಕಿಟ್‌ಗಳು ಆ ಸಂಸ್ಥೆಯಲ್ಲಿ ರೂಪುಗೊಂಡಿವೆ. 2019ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರವ್ಯಾಪಿ ಲಸಿಕಾ ಕಾರ್ಯಕ್ರಮ ಆರಂಭಿಸಿತು. 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಜೀವನದಲ್ಲಿ ಒಮ್ಮೆ ಈ ಲಸಿಕೆ. ಆದರೆ ಅದು ದನ ಎಮ್ಮೆಗಳಿಗಾಗಿ ರೂಪಿಸಿದ್ದು. ಕುರಿ ಮೇಕೆ ಸಾಕುವವರು ತಾವೇ ಎಚ್ಚರ ವಹಿಸಬೇಕು.

ಓದುಗ ಮಿತ್ರರೇ, ಎಚ್ಚರವೆಂದರೆ ದೊಡ್ಡ ಖರ್ಚಿನದೇನೂ ಅಲ್ಲ. ಹಾಲನ್ನು ಚೆನ್ನಾಗಿ ಕಾಯಿಸಿದರೆ ಈ ಬ್ಯಾಕ್ಟೀರಿಯಾ ಸಾಯುತ್ತದೆ. ಡೇರಿಯ ಪಾಶ್ಚರೀಕರಣದಲ್ಲಿ 72 ಡಿಗ್ರಿ ಸೆಲ್ಸಿಯಸ್ ಶಾಖ 15 ಸೆಕೆಂಡು ಸಾಕು. ಕಂದು ಹಾಕಿದ ಪಶುವಿನ ಮಾಸನ್ನು ಬರಿಗೈಯಲ್ಲಿ ಮುಟ್ಟಬಾರದು, ಆಳವಾಗಿ ಹೂಳಬೇಕು. ಕಸಾಯಿ ಕೆಲಸದವರು ಕೈಗವಸು ಧರಿಸಬೇಕು. ಜ್ವರ ಮರಳಿ ಮರಳಿ ಬಂದರೆ, ಮನೆಯಲ್ಲಿ ಕುರಿ, ಮೇಕೆ, ದನ ಇವೆ ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು.

ನನ್ನ ವಿದ್ಯಾರ್ಥಿ ಗುಣವಾಗಿ ಶಾಲೆಗೆ ಮರಳಿದ. ಆದರೆ ಆ ವರ್ಷದ ಓದು ಕೈತಪ್ಪಿತು. ಕಂದು ರೋಗದ ಪಾಠ ನಮ್ಮ ತರಗತಿಗಳಲ್ಲಿ ಮೊದಲೇ ನಡೆದಿದ್ದರೆ ಆ ಒಂದು ವರ್ಷ ಉಳಿಯುತ್ತಿತ್ತೇನೋ.