ಟಿಎನ್‌ಎಫ್ ನಿರೋಧಕ ಪ್ರತಿಕಾಯಗಳು

ಟ್ಯೂಮರ್ ನೆಕ್ರೋಸಿಸ್ ಫ್ಯಾಕ್ಟರ್ (ಟಿಎನ್‌ಎಫ್) ಎಂಬ ಉರಿಯೂತಕಾರಕ ಸೈಟೊಕೈನ್‌ಗೆ ಅಂಟಿಕೊಂಡು, ಅದು ಜೀವಕೋಶಗಳ ಗ್ರಾಹಕಗಳನ್ನು ಸೇರದಂತೆ ತಡೆಯುವ ಮಾನೊಕ್ಲೋನಲ್ ಪ್ರತಿಕಾಯಗಳು. ರುಮಟಾಯ್ಡ್ ಸಂಧಿವಾತ, ಕ್ರೋನ್ಸ್ ಕಾಯಿಲೆ, ಸೋರಿಯಾಸಿಸ್ ಮೊದಲಾದ ಸ್ವಯಂನಿರೋಧಕ ರೋಗಗಳ ಚಿಕಿತ್ಸೆಯಲ್ಲಿ ಬಳಕೆಯಲ್ಲಿವೆ.

ಇತಿಹಾಸ: ರುಮಟಾಯ್ಡ್ ರೋಗಿಗಳ ಕೀಲುಗಳಲ್ಲಿ ಅನೇಕ ಸೈಟೊಕೈನ್‌ಗಳು ಒಟ್ಟಿಗೇ ಇರುವುದು 1980ರ ದಶಕದಲ್ಲಿ ಕಂಡುಬಂತು. ಹೀಗಿರುವಾಗ ಒಂದನ್ನು ತಡೆದರೆ ಉಳಿದವು ಅದರ ಕೆಲಸವನ್ನು ಮುಂದುವರಿಸುತ್ತವೆ ಎಂಬ ಸಂದೇಹ ಬಲವಾಗಿತ್ತು. ಲಂಡನ್ನಿನ ಮಾರ್ಕ್ ಫೆಲ್ಡ್‌ಮನ್, ಲುಧಿಯಾನದಲ್ಲಿ ಹುಟ್ಟಿದ ರವೀಂದರ್ ಮೈನಿ, ಫಿಯೋನುಲಾ ಬ್ರೆನನ್ ಮತ್ತು ಸಂಗಡಿಗರು ರೋಗಿಗಳ ಕೀಲುಪೊರೆಯ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಟಿಎನ್‌ಎಫ್ ಒಂದನ್ನೇ ತಡೆದು ನೋಡಿದರು. ಇಂಟರ್‌ಲ್ಯೂಕಿನ್-1 ಎಂಬ ಇನ್ನೊಂದು ಸೈಟೊಕೈನ್‌ನ ಉತ್ಪತ್ತಿಯೂ ತಗ್ಗಿತು. ಉಳಿದ ಕೆಲವು ಸೈಟೊಕೈನ್‌ಗಳೂ ಟಿಎನ್‌ಎಫ್‌ನ ಅಧೀನದಲ್ಲಿವೆಯೆಂದು ಮುಂದಿನ ಪ್ರಯೋಗಗಳು ಸೂಚಿಸಿದವು. 1989ರಲ್ಲಿ ಪ್ರಕಟವಾದ, ಇಂಟರ್‌ಲ್ಯೂಕಿನ್-1 ಕುರಿತ ಈ ಫಲಿತಾಂಶವೇ, ಮುಂದೆ ಔಷಧಗಳಿಗೆ ದೊರೆತ ಪರವಾನಗಿಗಳಿಗಿಂತ ಮಹತ್ವದ್ದು. ಯಾವ ಅಣುವನ್ನು ಗುರಿಯಾಗಿಸಬೇಕೆಂಬುದು ಇಲ್ಲಿಯೇ ನಿರ್ಧಾರವಾಯಿತು.

ನ್ಯೂಯಾರ್ಕ್ ವಿಶ್ವವಿದ್ಯಾಲಯದ ಯಾನ್ ವಿಲ್ಚೆಕ್ ಮತ್ತು ಜುನ್ಮಿಂಗ್ ಲೆ ಅವರು ಸೆಂಟೊಕಾರ್ ಕಂಪನಿಯೊಡನೆ ರೂಪಿಸಿದ್ದ, ಭಾಗಶಃ ಇಲಿಯ ಅಂಶವುಳ್ಳ ಪ್ರತಿಕಾಯವನ್ನು (ಮುಂದೆ ಇನ್‌ಫ್ಲಿಕ್ಸಿಮ್ಯಾಬ್) 1992ರಲ್ಲಿ ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ 20 ರೋಗಿಗಳಿಗೆ ಕೊಡಲಾಯಿತು. ಊತ, ನೋವು ಇಳಿದವು; ಆದರೆ ಔಷಧ ನಿಂತ ಮೇಲೆ ರೋಗ ಮರುಕಳಿಸಿತು. 73 ರೋಗಿಗಳ ಮೇಲೆ ನಡೆದು 1994ರಲ್ಲಿ ಪ್ರಕಟವಾದ ತುಲನಾತ್ಮಕ ಪರೀಕ್ಷೆಯಲ್ಲಿ, ನಾಲ್ಕು ವಾರಗಳ ಹೊತ್ತಿಗೆ ಹೆಚ್ಚಿನ ಪ್ರಮಾಣ ಪಡೆದವರಲ್ಲಿ ಶೇ. 79 ಮಂದಿ ಚೇತರಿಕೆ ತೋರಿದರೆ, ಹುಸಿ ಔಷಧ ಪಡೆದವರಲ್ಲಿ ಶೇ. 8 ಮಂದಿ ಮಾತ್ರ. ಅಮೆರಿಕದಲ್ಲಿ ಇನ್‌ಫ್ಲಿಕ್ಸಿಮ್ಯಾಬ್‌ಗೆ 1998ರಲ್ಲಿ ಕ್ರೋನ್ಸ್‌ಗೂ, ಮರುವರ್ಷ ಸಂಧಿವಾತಕ್ಕೂ ಅನುಮತಿ ದೊರೆಯಿತು. ಪೂರ್ಣ ಮಾನವ ಪ್ರತಿಕಾಯವಾದ ಅಡಾಲಿಮುಮ್ಯಾಬ್ 2002ರಲ್ಲಿ ಬಂತು.

ಇತರ ಗುರಿಗಳು: ಟೊಸಿಲಿಜುಮ್ಯಾಬ್ ಇಂಟರ್‌ಲ್ಯೂಕಿನ್-6ರ ಗ್ರಾಹಕವನ್ನೂ, ಸೆಕುಕಿನುಮ್ಯಾಬ್ ಇಂಟರ್‌ಲ್ಯೂಕಿನ್-17ಎಯನ್ನೂ ತಡೆಯುತ್ತವೆ.

ಮಿತಿಗಳು: ಟಿಎನ್‌ಎಫ್ ನಿರೋಧಕಗಳು ರೋಗವನ್ನು ಹತೋಟಿಯಲ್ಲಿಡುತ್ತವೆ, ಸಾಮಾನ್ಯವಾಗಿ ಗುಣಪಡಿಸುವುದಿಲ್ಲ. ಎಲ್ಲ ಸ್ವಯಂನಿರೋಧಕ ರೋಗಗಳಿಗೂ ಒಗ್ಗುವುದಿಲ್ಲ. ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ಟಿಎನ್‌ಎಫ್ ತಡೆಯಿಂದ ರೋಗ ಉಲ್ಬಣಿಸಿದ್ದುಂಟು. ಕ್ಷಯದ ಬ್ಯಾಕ್ಟೀರಿಯಾಗಳನ್ನು ಗಂಟುಗಳೊಳಗೆ ಬಂಧಿಸಿಡಲು ದೇಹಕ್ಕೆ ಟಿಎನ್‌ಎಫ್ ಬೇಕು. ಇನ್‌ಫ್ಲಿಕ್ಸಿಮ್ಯಾಬ್ ಪಡೆದವರಲ್ಲಿ ಕಾಣಿಸಿಕೊಂಡ 70 ಕ್ಷಯ ಪ್ರಕರಣಗಳು 2001ರಲ್ಲಿ ವರದಿಯಾದವು. ಸುಪ್ತ ಕ್ಷಯ ವ್ಯಾಪಕವಾಗಿರುವ ಭಾರತದಲ್ಲಿ ಚಿಕಿತ್ಸೆ ಆರಂಭಿಸುವ ಮುನ್ನ ಎದೆಯ ಎಕ್ಸ್‌ರೇ ಮತ್ತು ಕ್ಷಯ ಸೋಂಕಿನ ಪರೀಕ್ಷೆ ಕಡ್ಡಾಯವೆಂದೇ ಪರಿಗಣಿಸಬೇಕು.