ತಾಳಮದ್ದಳೆಯ ಮಾತಿಗೆ ಕತ್ತರಿ

ಪತ್ತನಾಜೆ ಕಳೆದು ಮಳೆ ಹಿಡಿಯಿತೆಂದರೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಪುತ್ತೂರು, ಸುಳ್ಯ, ಈಗ ಬೇರೆ ತಾಲ್ಲೂಕಾಗಿರುವ ಕಡಬದ ಕಡೆಗಳಲ್ಲಿ ಆಗ ತಾಳಮದ್ದಳೆಯ ಕಾಲ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ದೇವಸ್ಥಾನದ ಸಭಾಂಗಣದಲ್ಲೋ ಮನೆಯ ಚಾವಡಿಯಲ್ಲೋ ಭಾಗವತರು ಪದ್ಯ ಹಾಡುತ್ತಾರೆ; ಅರ್ಥಧಾರಿಗಳು ಕುಳಿತಲ್ಲೇ ರಾಮನೋ ವಾಲಿಯೋ ಆಗಿ ಮಾತಾಡುತ್ತಾರೆ. ಪದ್ಯಗಳು ಪ್ರಸಂಗ ಪುಸ್ತಕದಲ್ಲಿವೆ. ಅರ್ಥವನ್ನು ಮಾತ್ರ ಯಾರೂ ಬರೆದಿಟ್ಟಿಲ್ಲ. ಎದುರಾಳಿಯ ಪ್ರಶ್ನೆಗೆ ತಕ್ಕಂತೆ ಆ ಹೊತ್ತಿನಲ್ಲಿ ಹುಟ್ಟುವ ಮಾತು ಅದು. ಸುಳ್ಯದ ಚೊಕ್ಕಾಡಿಯ ದೇರಾಜೆ ಸೀತಾರಾಮಯ್ಯ, ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಮನೆಮಾತಾದದ್ದು ಈ ಆಶುಮಾತಿನಿಂದಲೇ.

ಹೀಗಾಗಿ ಒಂದು ಕೂಟದ ಧ್ವನಿಮುದ್ರಣವೆಂದರೆ ಬರಿಯ ನೆನಪಿನ ಕುರುಹಲ್ಲ. ಆ ರಾತ್ರಿ ಹುಟ್ಟಿದ ಕೃತಿಗೆ ಉಳಿದಿರುವ ಒಂದೇ ಪ್ರತಿ. ಅದಕ್ಕೆ ಯಾರು, ಎಲ್ಲಿ, ಹೇಗೆ ಕತ್ತರಿ ಹಾಕುತ್ತಾರೆ ಎಂಬುದು ಆದ್ದರಿಂದಲೇ ಸಣ್ಣ ಪ್ರಶ್ನೆಯಲ್ಲ.

ಶಬ್ದವನ್ನು ಹಿಡಿದಿಡುವ ವಿದ್ಯೆ ಕೈಗೂಡಿದ್ದು 1877ರಲ್ಲಿ, ಎಡಿಸನ್ನನ ಫೋನೋಗ್ರಾಫಿನಿಂದ. ಕೊಲ್ಕತ್ತದಲ್ಲಿ ಗೌಹರ್ ಜಾನ್ ಹಾಡಿದ್ದನ್ನು 1902ರಲ್ಲಿ ತಟ್ಟೆಗೆ ಇಳಿಸಿದರು. ಆ ತಟ್ಟೆಗಳ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ಮೂರು ನಿಮಿಷದಷ್ಟು ಹಾಡು. ಒಮ್ಮೆ ಮೇಣದ ಮೇಲೆ ಗೆರೆ ಬಿದ್ದರೆ ಅದನ್ನು ತಿದ್ದುವ ಉಪಾಯವಿರಲಿಲ್ಲ. ತಪ್ಪಿದರೆ ಮತ್ತೆ ಮೊದಲಿನಿಂದ ಹಾಡಬೇಕು. ಎಷ್ಟೋ ಹೊತ್ತು ಬೆಳೆಸುವ ರಾಗವನ್ನು ಮೂರು ನಿಮಿಷಕ್ಕೆ ಇಳಿಸುವ ಹೊಣೆ ಹಾಡುವವರದೇ. ಅಂದರೆ ಕತ್ತರಿ ಯಂತ್ರದಲ್ಲಿರಲಿಲ್ಲ, ಕಲಾವಿದರ ತಲೆಯಲ್ಲಿತ್ತು. ರಾತ್ರಿಯಿಡೀ ನಡೆಯುವ ತಾಳಮದ್ದಳೆಗೆ ಆ ತಟ್ಟೆಯಲ್ಲಿ ಜಾಗವೆಲ್ಲಿ?

ನಿಜವಾದ ಕತ್ತರಿ ಬಂದದ್ದು ಕಾಂತೀಯ ಟೇಪಿನೊಂದಿಗೆ. 1935ರಲ್ಲಿ ಬರ್ಲಿನ್ನಿನಲ್ಲಿ ಜನರೆದುರು ಬಂದ ಈ ಯಂತ್ರ ಎರಡನೆಯ ಮಹಾಯುದ್ಧದ ಬಳಿಕ ಲೋಕದ ರೇಡಿಯೋ ನಿಲಯಗಳನ್ನೆಲ್ಲ ಸೇರಿತು. ಮಂಗಳೂರಿನಲ್ಲಿ ಆಕಾಶವಾಣಿ ನಿಲಯ ಆರಂಭವಾದ 1976ರ ಹೊತ್ತಿಗೆ ಟೇಪನ್ನು ಕತ್ತರಿಸಿ ಅಂಟಿಸುವುದು ರೇಡಿಯೋ ಲೋಕದ ದಿನನಿತ್ಯದ ಕೆಲಸವಾಗಿತ್ತು. ಟೇಪು ಸೆಕೆಂಡಿಗೆ ಸುಮಾರು 19 ಸೆಂಟಿಮೀಟರ್ ಓಡುವಂತಿದ್ದರೆ ಒಂದು ಸೆಕೆಂಡಿನ ಮಾತು ಒಂದು ಗೇಣಿನಷ್ಟು ಉದ್ದ. ಸುರುಳಿಗಳನ್ನು ಕೈಯಿಂದ ಹಿಂದೆ ಮುಂದೆ ತಿರುಗಿಸಿ, ಬೇಕಾದ ಅಕ್ಷರ ಎಲ್ಲಿ ಶುರುವಾಗುತ್ತದೆಂದು ಕಿವಿಗೊಟ್ಟು ಕೇಳಿ, ಪೆನ್ಸಿಲಿನಲ್ಲಿ ಗುರುತು ಮಾಡಿ, ಬ್ಲೇಡಿನಿಂದ ಕೊಯ್ಯಬೇಕು. ಕೊಯ್ಯುವುದು ನೇರವಾಗಿ ಅಲ್ಲ, ಓರೆಯಾಗಿ. ಓರೆ ಕೊಯ್ತದಲ್ಲಿ ಹಳೆಯ ಶಬ್ದ ಇಳಿಯುತ್ತಿರುವಾಗಲೇ ಹೊಸ ಶಬ್ದ ಏರುತ್ತದೆ; ಬೆಸುಗೆ ಕಿವಿಗೆ ತಟ್ಟುವುದಿಲ್ಲ. ಆದರೆ ಕೊಯ್ದು ತೆಗೆದ ತುಂಡು ಕಸದ ಬುಟ್ಟಿಗೆ ಬಿದ್ದರೆ ಆ ಮಾತು ಶಾಶ್ವತವಾಗಿ ಹೋಯಿತು.

ಫಿಲಿಪ್ಸ್ ಕಂಪೆನಿ 1963ರಲ್ಲಿ ತಂದ ಕ್ಯಾಸೆಟ್ಟು ಈ ವಿದ್ಯೆಯನ್ನು ನಿಲಯದಿಂದ ಮನೆಗೆ ತಂದಿತು. ತೊಂಬತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ 45 ನಿಮಿಷ. ಆರು ಗಂಟೆಯ ಕೂಟಕ್ಕೆ ನಾಲ್ಕು ಕ್ಯಾಸೆಟ್ಟು ಬೇಕು, ಏಳು ಸಲ ಮಗ್ಗುಲು ಬದಲಿಸಬೇಕು. ಮಗುಚುವ ಆ ಹೊತ್ತಿನಲ್ಲಿ ವಾದ ಯಾರಿಗಾಗಿಯೂ ಕಾಯುವುದಿಲ್ಲ. ಕತ್ತರಿಸುವವರೇ ಇಲ್ಲದೆ ಬಿದ್ದ ಕತ್ತರಿ ಅದು.

ಕಂಪ್ಯೂಟರು ಈ ಲೆಕ್ಕವನ್ನೆಲ್ಲ ಬದಲಿಸಿತು. ಸಿ.ಡಿ.ಯ ಕ್ರಮದಲ್ಲಿ ಒಂದು ಸೆಕೆಂಡಿನ ಶಬ್ದವೆಂದರೆ 44,100 ಅಳತೆಗಳು. ಅವು ತೆರೆಯ ಮೇಲೆ ಗುಡ್ಡ ಕಣಿವೆಗಳ ಗೆರೆಯಾಗಿ ಕಾಣುತ್ತವೆ. ಸಂಕಲನಕಾರ ಈಗ ಕಿವಿಯ ಜೊತೆಗೆ ಕಣ್ಣಿನಿಂದಲೂ ಕೆಲಸ ಮಾಡುತ್ತಾನೆ. ಪ್ರೊ ಟೂಲ್ಸ್ 1991ರಲ್ಲಿ ಬಂತು, ದುಬಾರಿಯಾಗಿತ್ತು. 2000ದಲ್ಲಿ ಬಂದ ಆಡಾಸಿಟಿ ಉಚಿತ. ಇಂಥ ಹಲವು ತಂತ್ರಾಂಶಗಳಲ್ಲಿ ‘ಕ್ಲಿಪ್’ ಎಂಬುದು ಕತ್ತರಿಸಿದ ತುಂಡೇ ಅಲ್ಲ. ‘ಮೂಲದಲ್ಲಿ ಇಲ್ಲಿಂದ ಇಲ್ಲಿಯವರೆಗೆ ನುಡಿಸು’ ಎಂಬ ಸೂಚನೆ, ಅಷ್ಟೆ. ತುಂಡನ್ನು ಎಳೆದರೂ ಮೊಟಕಿಸಿದರೂ ಮೂಲ ಕಡತ ಹಾಗೇ ಇರುತ್ತದೆ. ಅಲೆಯ ನಡುವೆ ಕೊಯ್ದರೆ ‘ಟಿಕ್’ ಎಂಬ ಸದ್ದು ಬರುವುದರಿಂದ, ಅಲೆ ಸೊನ್ನೆಯ ಗೆರೆಯನ್ನು ದಾಟುವಲ್ಲಿ ಕೊಯ್ಯುತ್ತಾರೆ. ಎರಡು ತುಂಡುಗಳ ಅಂಚನ್ನು ಒಂದರ ಮೇಲೊಂದು ಹಾಯಿಸಿ ಬೆಸೆಯುತ್ತಾರೆ. ಬ್ಲೇಡಿನ ಓರೆ ಕೊಯ್ತದ ಮರುಹುಟ್ಟು ಇದು.

ತಾಳಮದ್ದಳೆ ಮಾತ್ರ ಈ ಕತ್ತರಿಗೆ ಸುಲಭವಾಗಿ ಒಗ್ಗುವುದಿಲ್ಲ. ಪದ್ಯದ ಅಡಿಯಲ್ಲಿ ಶ್ರುತಿ ಬಿಡದೆ ಮೊರೆಯುತ್ತಿರುತ್ತದೆ. ಮಾಡಿನ ಮೇಲೆ ಮಳೆ ಸುರಿಯುತ್ತಿರುತ್ತದೆ. ಹತ್ತು ನಿಮಿಷದ ಮಾತನ್ನು ಎತ್ತಿದರೆ, ಜಡಿಮಳೆಯ ನಡುವಿನ ವಾಕ್ಯ ಹನಿಮಳೆಯಲ್ಲಿ ಮುಗಿದು ಗುಟ್ಟು ರಟ್ಟಾಗುತ್ತದೆ. ಮಳೆಯನ್ನೇ ಅಳಿಸಹೊರಟರೆ ಮದ್ದಳೆಯ ನಾದವೂ ಸವೆಯುತ್ತದೆ. ಚೆಂಡೆಯ ಪೆಟ್ಟಿಗೆ ಮುಂಚೆ ಕೊಯ್ದರೆ ಬೆಸುಗೆ ಆ ಪೆಟ್ಟಿನಲ್ಲಿ ಮುಚ್ಚಿಹೋಗುತ್ತದೆ ನಿಜ. ಆದರೆ ತಾಳದ ಲೆಕ್ಕ ತಪ್ಪಬಾರದು.

ಇದಕ್ಕಿಂತ ದೊಡ್ಡ ತೊಡಕು ಅರ್ಥದ್ದು. ‘ವಾಲಿವಧೆ’ಯ ವಾಲಿ, ಮರೆಯಲ್ಲಿ ನಿಂತು ಬಾಣ ಬಿಟ್ಟದ್ದೇಕೆಂದು ರಾಮನನ್ನು ಕೇಳುತ್ತಾನೆ. ರಾಮನ ಅರ್ಥಧಾರಿ ಮೂರು ಸೆಕೆಂಡು ಸುಮ್ಮನಿದ್ದು ಉತ್ತರ ಕೊಟ್ಟನೆನ್ನಿ. ತೆರೆಯ ಮೇಲೆ ಆ ಮೂರು ಸೆಕೆಂಡು ಖಾಲಿ ಜಾಗ, ತೆಗೆದುಬಿಡುವುದು ಸುಲಭ. ತೆಗೆದರೆ ರಾಮನ ಉತ್ತರ ಮೊದಲೇ ಸಿದ್ಧವಾಗಿತ್ತೆಂದು ತೋರುತ್ತದೆ. ಪ್ರಶ್ನೆಯ ಭಾರವೂ ಹೋಯಿತು, ಉತ್ತರಕ್ಕಾಗಿ ಪಟ್ಟ ಪಾಡೂ ಹೋಯಿತು. ವಾಲಿಯ ಮಾತನ್ನಷ್ಟೇ ಕಿತ್ತು ಐದು ನಿಮಿಷದ ತುಂಡಾಗಿ ಮೊಬೈಲುಗಳಲ್ಲಿ ಹಂಚಿದರೆ, ಗೆದ್ದವರಾರೆಂಬುದನ್ನು ಸಭೆಯಲ್ಲ, ಕತ್ತರಿಯೇ ತೀರ್ಮಾನಿಸಿದಂತೆ.

ಕತ್ತರಿಸದೆ ಕಾದರೆ ಏನು ಸಿಗುತ್ತದೆಂಬುದಕ್ಕೆ ನೆರೆಯ ಬೆಳ್ತಂಗಡಿಯಲ್ಲೇ ಉದಾಹರಣೆಯಿದೆ. ಫಿನ್ಲೆಂಡಿನ ಲೌರಿ ಹಾಂಕೊ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರೊಂದಿಗೆ 1990ರ ಡಿಸೆಂಬರಿನಲ್ಲಿ ಗೋಪಾಲ ನಾಯ್ಕರ ಬಾಯಿಂದ ತುಳುವಿನ ಸಿರಿ ಪಾಡ್ದನವನ್ನು ದಾಖಲಿಸಿದರು. ಕಾಲದ ಮಿತಿ ಹೇರದೆ ಹಾಡಿಸಿದಾಗ ದೊರೆತದ್ದು 15,683 ಸಾಲು. ಅದು 1998ರಲ್ಲಿ ಪುಸ್ತಕವಾಗಿ ಬಂತು.

ಹಾಗೆಂದು ಕತ್ತರಿಯೇ ಬೇಡವೆನ್ನಲಾಗದು. ಆರು ಗಂಟೆಯ ಕೂಟವನ್ನು ಕೂತು ಕೇಳುವ ವ್ಯವಧಾನ ಎಲ್ಲರಿಗೂ ಇರದು. ಒಂದು ಗಂಟೆಯ ಆಯ್ಕೆ ಹೊಸ ಕೇಳುಗನನ್ನು ಇಡೀ ಕೂಟದತ್ತ ಕರೆದೊಯ್ಯಬಹುದು. ಟೇಪಿನ ಕಾಲದಲ್ಲಿ ಆಯ್ದದ್ದು ಉಳಿದು, ಬಿಟ್ಟದ್ದು ಅಳಿಯುವ ಅಪಾಯವಿತ್ತು. ಇಂದು ಎರಡನ್ನೂ ಉಳಿಸಬಹುದು. ಆಯ್ದ ತುಂಡಿನ ಜೊತೆಗೆ ಮೂಲದ ಪ್ರತಿಯನ್ನು ಇಡಿಯಾಗಿ ಕಾಪಿಡುವುದು, ಕೂಟದ ದಿನ, ಸ್ಥಳ, ಪ್ರಸಂಗ, ಅರ್ಥಧಾರಿಗಳ ಹೆಸರು ಬರೆದಿಡುವುದು, ಎಲ್ಲಿ ಕತ್ತರಿಸಿದೆ ಎಂದು ಹೇಳುವುದು, ಇಷ್ಟು ಮಾಡಿದರೆ ಸಾಕು. ಮುಂದೊಂದು ಮಳೆಗಾಲದಲ್ಲಿ ಯಾರಾದರೂ ಆ ಮೂರು ಸೆಕೆಂಡಿನ ಮೌನವನ್ನು ಹುಡುಕಿ ಬಂದರೆ, ಅದು ಇದ್ದಲ್ಲೇ ಸಿಗುತ್ತದೆ.